ಆಟದ ಬಯಲಿನಲ್ಲಿ ಲಿಂಗಧಾರಣೆ

ಪ್ರವಚನಕ್ಕೋ ಗೃಹಪ್ರವೇಶಕ್ಕೋ ಭಕ್ತರ ಮನೆಗಳಿಗೆ ಹೋದಾಗ ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಈಚೆಗೆ ಹೆಚ್ಚಾಗಿದೆ. "ಮಗ ಶಾಲೆಯಲ್ಲಿ ಆಟಕ್ಕೆ ಸೇರಿದ್ದಾನೆ. ಆಟದ ಹೊತ್ತಿನಲ್ಲಿ ಕರಡಿಗೆ ತೆಗೆದಿಡಬೇಕೆನ್ನುತ್ತಾರೆ. ಏನು ಮಾಡುವುದು ಗುರುಗಳೇ?" ಕೆಲವರು ನಮ್ಮ ಉತ್ತರಕ್ಕೆ ಕಾಯದೆ ತಾವೇ ತೀರ್ಮಾನಿಸಿರುತ್ತಾರೆ. ಒಂದು ಮನೆಯಲ್ಲಿ ಮಗುವಿನ ಇಷ್ಟಲಿಂಗ ದೇವರ ಜಗುಲಿಯ ಮೇಲಿರುತ್ತದೆ, ಮಗು ಮೈದಾನದಲ್ಲಿರುತ್ತದೆ. ಇನ್ನೊಂದು ಮನೆಯಲ್ಲಿ ಲಿಂಗ ಮಗುವಿನ ಕೊರಳಲ್ಲಿರುತ್ತದೆ, ಮಗುವಿನ ಆಟ ನಿಂತುಹೋಗಿರುತ್ತದೆ. ಈ ಎರಡೂ ಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಇದು ಗ್ರಂಥಾವಲೋಕನದಿಂದ ಮಾತ್ರ ಬಂದ ಅಭಿಪ್ರಾಯವಲ್ಲ. 1994ರ ಮಳೆಗಾಲದಲ್ಲಿ ಕೊಡಗಿನ ಕಾಲೇಜೊಂದರ ಕಾಲ್ಚೆಂಡು ತಂಡದ ಜೊತೆಯಲ್ಲಿ ನಾವು ಘಟ್ಟ ಇಳಿದು ಹೋದೆವು. ಆಗ ಅದು ಹತ್ತು ನಿಮಿಷಗಳೊಳಗೆ ನಿರ್ಣಯವಾಗಬೇಕಾದ ಪ್ರಶ್ನೆಯಾಗಿ ನಮ್ಮೆದುರು ನಿಂತಿತು.

ಕೊಡಗೆಂದರೆ ಹಾಕಿ ಎನ್ನುವುದು ಲೋಕರೂಢಿ. ಅದು ಸುಳ್ಳೂ ಅಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ, ಇವರೆಲ್ಲ ಆ ನೆಲದವರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕೊಡವ ಮನೆತನಗಳನ್ನು ಸೇರಿಸಿ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವ ಇಂದು ಮುನ್ನೂರೈವತ್ತಕ್ಕೂ ಮಿಕ್ಕ ಮನೆತನಗಳ ಜಾತ್ರೆಯಾಗಿ ಬೆಳೆದಿದೆ. ಮನೆಯ ಸೊಸೆ, ಮೊಮ್ಮಗ, ಅಜ್ಜ ಒಂದೇ ತಂಡದಲ್ಲಿ ಕೋಲು ಹಿಡಿದು ನಿಲ್ಲುವ ಆ ನೋಟವನ್ನು ನಮ್ಮ ಸಮಾಜದವರೂ ಒಮ್ಮೆ ನೋಡಿ ಬರಬೇಕು. ಆದರೆ ಕೊಡಗಿನಲ್ಲಿ ಕಾಲ್ಚೆಂಡೂ ಉಂಟು. ಸುಂಟಿಕೊಪ್ಪದ ಸುತ್ತಿನ ಕಾಫಿ ತೋಟಗಳ ಹುಡುಗರಿಗೆ ಅದೇ ಪ್ರಾಣ. ಅಲ್ಲಿ ಬ್ಲೂ ಬಾಯ್ಸ್ ಯುವಕ ಸಂಘದವರು ಡಿ. ಶಿವಪ್ಪ ಅವರ ಸ್ಮರಣಾರ್ಥ ನಡೆಸಿಕೊಂಡು ಬಂದಿರುವ ಗೋಲ್ಡ್ ಕಪ್ ಪಂದ್ಯಾವಳಿಗೆ ಸೇರುವ ಜನವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಡಗಿನಲ್ಲಿ ಲಿಂಗಾಯತ ಮನೆಗಳೆಲ್ಲಿಂದ ಬಂದುವೆಂದು ಬಯಲುಸೀಮೆಯ ಓದುಗರು ಕೇಳಬಹುದು. 1834ರವರೆಗೆ ಆ ರಾಜ್ಯವನ್ನಾಳಿದ ಹಾಲೇರಿ ಅರಸರು ಲಿಂಗವಂತರು. ಅವರ ಗದ್ದಿಗೆಗಳನ್ನು ಮಡಿಕೇರಿಯಲ್ಲಿ ಇಂದಿಗೂ ಕಾಣಬಹುದು. ಕೊಡ್ಲಿಪೇಟೆ, ಶನಿವಾರಸಂತೆ, ಸೋಮವಾರಪೇಟೆಯ ಕಡೆ ನಮ್ಮವರ ಮನೆಗಳು ದಟ್ಟವಾಗಿವೆ. ಕಿರಿಕೊಡ್ಲಿ ಮಠ, ಸೋಮವಾರಪೇಟೆಯ ವಿರಕ್ತ ಮಠ, ದಕ್ಷಿಣದಲ್ಲಿ ಅರಮೇರಿ ಕಳಂಚೇರಿ ಮಠ ಆ ಮನೆಗಳಿಗೆ ಆಸರೆಯಾಗಿ ನಿಂತಿವೆ. ನಮ್ಮ ತಂಡದ ಗೋಲ್‌ಕೀಪರ್ ಕೊಡ್ಲಿಪೇಟೆಯ ಕಡೆಯ ಇಂಥದೊಂದು ಮನೆಯ ಹುಡುಗ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದವನು. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ, ಒಂದಿಷ್ಟು ಏಲಕ್ಕಿ ಇದ್ದ ಸಂಸಾರ. ಓದಿ ಸರಕಾರಿ ಕೆಲಸ ಹಿಡಿಯಲೆಂದು ತಂದೆ ಅವನನ್ನು ಉಚಿತ ವಿದ್ಯಾರ್ಥಿ ನಿಲಯಕ್ಕೆ ಸೇರಿಸಿದ್ದರು. ಅವನು ಕಾಲ್ಚೆಂಡಿಗೆ ಸೇರಿದ್ದು ಅವರಿಗೆ ಇಷ್ಟವಿರಲಿಲ್ಲ.

ನಾವು ಆಗ ಆ ಕಾಲೇಜಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆವು. ವಿದ್ಯಾರ್ಥಿ ನಿಲಯದ ಮೇಲ್ವಿಚಾರಣೆಯೂ ನಮ್ಮ ಪಾಲಿಗಿತ್ತು. ಹುಟ್ಟಿದಂದಿನಿಂದ ಚೆಂಡನ್ನು ಒದ್ದವರಲ್ಲ. ದೈಹಿಕ ಶಿಕ್ಷಣ ನಿರ್ದೇಶಕರು ಜ್ವರದಿಂದ ಮಲಗಿದ್ದರು, ತಂಡದೊಡನೆ ಒಬ್ಬ ಅಧ್ಯಾಪಕರು ಇರಲೇಬೇಕೆಂಬ ನಿಯಮವಿತ್ತು, ಹೀಗಾಗಿ ಪ್ರಾಂಶುಪಾಲರು ನಮ್ಮನ್ನು ಹೊರಡಿಸಿದರು. ಕೊಡಗಿನ ಕಾಲೇಜುಗಳು ಆಗ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಂತರ ಕಾಲೇಜು ಪಂದ್ಯವೆಂದರೆ ಬಹುಮಟ್ಟಿಗೆ ಕರಾವಳಿಗೆ ಇಳಿಯುವುದೇ. ಆ ವರ್ಷದ ಮೊದಲನೆಯ ಪಂದ್ಯವೇ ಪರಸ್ಥಳದಲ್ಲಿ, ಅದೂ ಕಾಲ್ಚೆಂಡಿನಲ್ಲಿ ಹೆಸರು ಮಾಡಿದ್ದ ಒಂದು ಕಾಲೇಜಿನ ಎದುರು, ಅವರದೇ ಮೈದಾನದಲ್ಲಿ.

ಬೆಳಗಿನ ಜಾವ ಮಡಿಕೇರಿ ಬಿಟ್ಟ ಕೆಂಪು ಬಸ್ಸು ಮದೆನಾಡು, ಜೋಡುಪಾಲ, ಸಂಪಾಜೆಗಳನ್ನು ದಾಟಿ ಸುಳ್ಯಕ್ಕೆ ಇಳಿಯುವಷ್ಟರಲ್ಲಿ ಇಬ್ಬರು ಹುಡುಗರು ವಾಂತಿ ಮಾಡಿಕೊಂಡಿದ್ದರು. (2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಜೀವಹಾನಿಯಾದದ್ದು ಇದೇ ದಾರಿಯ ಬದಿಯಲ್ಲಿ. ಈಗ ಅಲ್ಲಿ ಹಾದುಹೋಗುವಾಗ ಮನಸ್ಸಿಗೆ ನೋವಾಗುತ್ತದೆ.) ಉಳಿದವರ ಬಾಯಲ್ಲಿ ವಿಶ್ವಕಪ್ಪಿನ ಮಾತು. ಜುಲೈ 17ರಂದು ಅಮೆರಿಕೆಯಲ್ಲಿ ಬ್ರೆಜಿಲ್ ಇಟಲಿಯನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿತ್ತು. ಬ್ರೆಜಿಲಿನ ಗೋಲ್‌ಕೀಪರ್ ತಫರೆಲ್‌ನ ಹೆಸರನ್ನು ಹುಡುಗರು ನಮ್ಮ ಕೊಡ್ಲಿಪೇಟೆಯವನಿಗೆ ಇಟ್ಟಿದ್ದರು. ಹಣೆಯ ತುಂಬ ವಿಭೂತಿ ಧರಿಸಿದ ತಫರೆಲ್!

ಪರಸ್ಥಳದ ಪಂದ್ಯ ಎಷ್ಟು ಕಷ್ಟವೆಂಬುದು ನಮ್ಮಂಥ ಅಜ್ಞರಿಗೂ ಅಂದು ತಿಳಿಯಿತು. 1100 ಮೀಟರಿಗೂ ಮಿಕ್ಕ ಎತ್ತರದ ಚಳಿಯಲ್ಲಿ ಬೆಳೆದ ಹುಡುಗರು ಸಮುದ್ರದ ಬದಿಯ ಸೆಕೆಗೆ, ಮಳೆ ಸುರಿಯುತ್ತಿದ್ದಾಗಲೂ, ಬೆವರುತ್ತಿದ್ದರು. ಊರಿನಲ್ಲಿ ಹುಲ್ಲಿನ ಮೇಲೆ ಆಡಿದವರಿಗೆ ಇಲ್ಲಿ ಕಾಲಿಟ್ಟಲ್ಲಿ ಜಾರುವ ಕೆಂಪು ಕೆಸರು. ಸುತ್ತ ನಿಂತ ನೂರಾರು ಕೊಡೆಗಳಲ್ಲಿ ನಮ್ಮವರದು ಒಂದೇ ಒಂದು, ಅದು ನಮ್ಮದೇ.

ಪಂದ್ಯಕ್ಕೆ ಮೊದಲು ರೆಫರಿಗಳು ಎರಡೂ ತಂಡದವರನ್ನು ಸಾಲಾಗಿ ನಿಲ್ಲಿಸಿ ಪಾದರಕ್ಷೆಯ ಅಡಿಯ ಗುಬ್ಬಿಗಳನ್ನೂ ಕೈಗಳನ್ನೂ ಕೊರಳುಗಳನ್ನೂ ಪರೀಕ್ಷಿಸಿದರು. ನಾಯಕನಾಗಿದ್ದ ಕೊಡವ ಹುಡುಗನ ಉಂಗುರ ಹೊರಬಂದಿತು. ಕ್ರೈಸ್ತ ಹುಡುಗನೊಬ್ಬನ ಶಿಲುಬೆಯ ಸರ, ಸುಂಟಿಕೊಪ್ಪದ ಮುಸಲ್ಮಾನ ಹುಡುಗನ ತೋಳಿನ ತಾಯತ, ಎಲ್ಲವೂ ಬಂದು ನಮ್ಮ ಉತ್ತರೀಯದ ಸೆರಗಿನಲ್ಲಿ ಸೇರಿದವು. ಕೊನೆಗೆ ಗೋಲ್‌ಕೀಪರಿನ ಅಂಗಿಯೊಳಗೆ ಉಬ್ಬಿ ಕಾಣುತ್ತಿದ್ದ ಬೆಳ್ಳಿಯ ಕರಡಿಗೆ. ಅವನ ತಾತನ ಕಾಲದ್ದು. ತೂಕವಾದ, ಅಂಚು ಚೂಪಾದ ಹಳೆಯ ಕೆಲಸ.

ಅದನ್ನು ತೆಗೆದಿಡಬೇಕೆಂದಾಗ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ರೆಫರಿಗಳು ಮಧ್ಯವಯಸ್ಸಿನ, ಸೌಮ್ಯ ಸ್ವಭಾವದ ಗೃಹಸ್ಥರು. ನಮ್ಮತ್ತ ತಿರುಗಿ ಹೇಳಿದರು: "ಮಾಷ್ಟ್ರೇ, ಇದು ದೇವರದ್ದೆಂದು ನನಗೆ ಗೊತ್ತುಂಟು. ಆದರೆ ಈ ಬೆಳ್ಳಿ ಇನ್ನೊಬ್ಬ ಹುಡುಗನ ಹಲ್ಲಿಗೆ ತಾಗಿದರೆ ಅವನ ತಾಯಿಗೆ ನಾನು ಏನು ಹೇಳುವುದು?" ಆ ಮಾತಿಗೆ ನಮ್ಮಲ್ಲಿ ಪ್ರತ್ಯುತ್ತರವಿರಲಿಲ್ಲ. ಗೋಲ್‌ಕೀಪರ್ ಎದೆಯನ್ನು ಮುಂದೆ ಮಾಡಿ ನೆಲಕ್ಕೆ ಬೀಳುವವನು. ಓಡಿ ಬರುವವರ ಮೊಣಕಾಲು, ಮುಖ ಎಲ್ಲವೂ ಅವನ ಎದೆಗೇ ತಾಗುವುವು. ಅಪಾಯ ಅವನಿಗೂ ಉಂಟು.

ಹುಡುಗ ನಮ್ಮ ಬಳಿ ಬಂದು ತಲೆ ತಗ್ಗಿಸಿ, "ಸಾರ್, ನಾನು ಆಡುವುದಿಲ್ಲ. ಬೇರೆ ಯಾರನ್ನಾದರೂ ನಿಲ್ಲಿಸಿ" ಎಂದ. ಬೇರೆ ಯಾರೂ ಇರಲಿಲ್ಲ. ಬದಲಿ ಗೋಲ್‌ಕೀಪರ್ ಬಸ್ಸಿನಲ್ಲಿ ವಾಂತಿ ಮಾಡಿಕೊಂಡವರಲ್ಲೊಬ್ಬ; ಅವನು ಎದ್ದು ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಜೊತೆಯವರು ಸುತ್ತುವರಿದರು. ಶಿಲುಬೆಯನ್ನೂ ತಾಯತವನ್ನೂ ಬಿಚ್ಚಿ ಕೊಟ್ಟ ಹುಡುಗರು, "ನಾವು ಕೊಡಲಿಲ್ಲವೇ? ಸಾರ್ ಜೋಪಾನ ಮಾಡುತ್ತಾರೆ, ಒಂದು ಗಂಟೆಯ ಮಾತು" ಎಂದರು. ಅವರು ಆಡಿದುದರಲ್ಲಿ ತಪ್ಪೇನಿಲ್ಲ. ಶಿಲುಬೆ ಶ್ರದ್ಧೆಯ ಗುರುತು, ತಾಯತ ರಕ್ಷೆ, ಉಂಗುರ ಅಲಂಕಾರ. ಇಷ್ಟಲಿಂಗ ಈ ಮೂರೂ ಅಲ್ಲವೆಂಬುದನ್ನು ಆ ಗದ್ದಲದಲ್ಲಿ ಅವರಿಗೆ ಹೇಗೆ ವಿವರಿಸುವುದು? ಗುರು ತನ್ನ ಕರದಿಂದ ಶಿಷ್ಯನ ಕರಕ್ಕೆ ಇತ್ತ ಮೇಲೆ ಅದು ಧರಿಸಿದವನ ಪ್ರಾಣದೊಡನೆ ಒಂದಾದುದು, ಅಂಗದಿಂದ ಬೇರೆ ಮಾಡತಕ್ಕುದಲ್ಲ ಎಂಬುದು ನಮ್ಮ ದೀಕ್ಷೆಯ ಅರ್ಥ. ಹದಿನೆಂಟರ ಆ ಹುಡುಗ ಇಷ್ಟನ್ನು ಬಾಯಲ್ಲಿ ಹೇಳಲಾರ. ಆದರೆ ಅವನಿಗೆ ಗೊತ್ತಿತ್ತು. ವರ್ಷದ ಮೊದಲನೆಯ ಪಂದ್ಯ, ಅವನು ಕಾದು ಕುಳಿತಿದ್ದ ಪಂದ್ಯ, ಕೈತಪ್ಪುತ್ತಿದ್ದರೂ ಅವನು ಕರಡಿಗೆಯ ಮೇಲಿನ ಕೈಯನ್ನು ತೆಗೆಯಲಿಲ್ಲ. ಅವನ ಕಣ್ಣು ತುಂಬಿತ್ತು.

ಆ ಹೊತ್ತಿನಲ್ಲಿ ಮಠದ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನಮ್ಮ ನೆರವಿಗೆ ಬಂದಿತು. ಲಿಂಗವನ್ನು ಎಲ್ಲೆಲ್ಲಿ ಧರಿಸಬಹುದೆಂಬುದನ್ನು 'ಸಿದ್ಧಾಂತ ಶಿಖಾಮಣಿ' ವಿವರವಾಗಿ ಹೇಳುತ್ತದೆ. ಶಿರಸ್ಸು, ಕಂಠ, ಕಕ್ಷ ಅಂದರೆ ಕಂಕುಳು, ವಕ್ಷಸ್ಥಳ, ಉದರ, ಹಸ್ತ. ಇವುಗಳಲ್ಲಿ ಎಲ್ಲಾದರೂ ಆಗಬಹುದು, ನಾಭಿಯಿಂದ ಕೆಳಗೆ ಮಾತ್ರ ಕೂಡದು. ಆ ಗ್ರಂಥವನ್ನು ಪ್ರಮಾಣವೆಂದು ಒಪ್ಪದ ಬಂಧುಗಳೂ ನಮ್ಮ ಸಮಾಜದಲ್ಲಿದ್ದಾರೆ. ಆ ವಾದಕ್ಕೆ ಇದು ಸ್ಥಳವಲ್ಲ. ಲಿಂಗವು ಅಂಗವನ್ನು ಬಿಡಬಾರದೆಂಬಲ್ಲಿ ಎರಡು ಪಕ್ಷದವರಿಗೂ ಭೇದವಿಲ್ಲ. ಅದು ಕೊರಳಲ್ಲೇ ತೂಗಬೇಕು, ಬೆಳ್ಳಿಯಲ್ಲೇ ಇರಬೇಕು ಎಂಬುದು ಎಲ್ಲಿಯೂ ಇಲ್ಲ.

ರೆಫರಿಗಳಲ್ಲಿ ಹತ್ತು ನಿಮಿಷ ಕೇಳಿದೆವು, ಕೊಟ್ಟರು. ಹುಡುಗನನ್ನು ಪಕ್ಕದ ಕೊಠಡಿಗೆ ಕರೆದೊಯ್ದು ನಮ್ಮ ಉತ್ತರೀಯದ ಒಣಗಿದ್ದ ತುದಿಯಿಂದ ಒಂದು ತುಂಡು ಹರಿದುಕೊಟ್ಟೆವು. ಇನ್ನೊಬ್ಬರ ಇಷ್ಟಲಿಂಗವನ್ನು ನಾವು ಮುಟ್ಟತಕ್ಕುದಲ್ಲವಾದುದರಿಂದ ಬಾಯಲ್ಲಿ ಹೇಳುತ್ತ ಹೋದೆವು, ಅವನು ಮಾಡುತ್ತ ಹೋದ. ಕೈ ತೊಳೆದು, ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡು ಒಂದು ಕ್ಷಣ ಕಣ್ಣು ಮುಚ್ಚಿದ. ಶಿವದಾರವನ್ನು ಕೊರಳಿನಿಂದ ತೆಗೆದು ಲಿಂಗವಸ್ತ್ರದ ಮೇಲೆಯೇ ಸುತ್ತಿದ. ಅದರ ಮೇಲೆ ಅರಿವೆಯನ್ನು ಐದಾರು ಮಡಿಕೆ ಮಾಡಿ ಮೆತ್ತಗಾಗಿಸಿ, ಎಡಗಂಕುಳಿನ ಕೆಳಗೆ, ತೋಳು ಇಳಿಬಿಟ್ಟರೆ ಮುಚ್ಚಿಹೋಗುವ ಪಕ್ಕೆಯ ಮೇಲೆ ಇಟ್ಟುಕೊಂಡ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿದ್ದ ಕ್ರೇಪ್ ಬ್ಯಾಂಡೇಜನ್ನು ಎದೆಯ ಸುತ್ತ ಬಿಗಿಯಾಗಿ ಸುತ್ತಿ ಕಟ್ಟಲು ನಾಯಕ ನೆರವಾದ. ಹೊರಗೆ ಬಂದಾಗ ರೆಫರಿಗಳು ಅಂಗಿಯ ಮೇಲಿನಿಂದ ಆ ಜಾಗವನ್ನು ಅಂಗೈಯಿಂದ ಒತ್ತಿ ನೋಡಿದರು. ಗಟ್ಟಿಯಾದದ್ದು ಕೈಗೆ ಹತ್ತಲಿಲ್ಲ. "ಆಯಿತು, ಹೋಗು" ಎಂದರು. ಖಾಲಿ ಕರಡಿಗೆ ನಮ್ಮ ಕೈಯಲ್ಲುಳಿಯಿತು.

ಪಂದ್ಯದ ವರ್ಣನೆ ನಮ್ಮಿಂದಾಗದ ಕೆಲಸ. ಮೊದಲನೆಯ ಅವಧಿಯೆಲ್ಲ ಚೆಂಡು ನಮ್ಮ ಗೋಲಿನ ಮುಂದೆಯೇ ಇತ್ತೆಂಬುದು ನೆನಪಿದೆ. ಎರಡನೆಯ ಅವಧಿಯಲ್ಲಿ ಮಳೆ ಜೋರಾಗಿ, ಎದುರಾಳಿಗಳ ಗೋಲಿನ ಮುಂದೆ ನೀರು ನಿಂತಿತು. ಮೂಲೆಯಿಂದ ನಮ್ಮವನೊಬ್ಬ ಒದ್ದ ಚೆಂಡು ಆ ನೀರಿನಲ್ಲಿ ಬಿದ್ದು ಅಲ್ಲಿಯೇ ನಿಂತುಬಿಟ್ಟಿತು. ಅದು ಉರುಳಿ ಬರುತ್ತದೆಂದು ಅವರು ಕಾದರು. ಮಳೆಯಲ್ಲಿಯೇ ಬೆಳೆದ ತಾಯತದ ಹುಡುಗ ಕಾಯಲಿಲ್ಲ, ಓಡಿಹೋಗಿ ಕಾಲ ತುದಿಯಿಂದ ತಳ್ಳಿಬಿಟ್ಟ. ನೂರಿಂಚಿಗೂ ಮಿಕ್ಕು ಮಳೆ ಬೀಳುವ ನೆಲದವನಿಗೆ ಕೆಸರು ಹೇಳಿಕೊಡಬೇಕೇ?

ಮುಗಿಯಲು ಐದಾರು ನಿಮಿಷಗಳಿದ್ದಾಗ ಎದುರಾಳಿಯೊಬ್ಬ ತೀರ ಸಮೀಪದಿಂದ ಬಲವಾಗಿ ಒದ್ದ. ನಮ್ಮ ಹುಡುಗ ಎಡಕ್ಕೆ ಹಾರಿದ. ಎಡಕ್ಕೇ! ನಾವು ಕರಡಿಗೆಯನ್ನು ಎರಡು ಕೈಗಳಲ್ಲೂ ಹಿಡಿದು ಪಂಚಾಕ್ಷರಿಯನ್ನು ಜಪಿಸಿದೆವೆಂಬುದಷ್ಟೇ ನೆನಪು. ಚೆಂಡು ಅವನ ಬೆರಳಿಗೆ ತಾಗಿ ಕಂಬದ ಹೊರಗೆ ಹೋಯಿತು. ಅವನು ಕೆಸರಿನಲ್ಲಿ ಬಿದ್ದಲ್ಲಿಯೇ ಬಲಗೈಯಿಂದ ಎಡಪಕ್ಕೆಯನ್ನು ಮುಟ್ಟಿ ನೋಡಿಕೊಂಡು ಎದ್ದು ನಿಂತ. ಪಂದ್ಯ ಒಂದು ಗೋಲಿನಿಂದ ನಮ್ಮದಾಯಿತು. ಹುಡುಗರು ಅವನನ್ನು ಹೆಗಲ ಮೇಲೆ ಹೊರಲು ಬಂದರೆ ಅವನು ಬಿಡಿಸಿಕೊಂಡು ನಲ್ಲಿಯ ಕಡೆಗೆ ಓಡಿದ. ಮೈ ತೊಳೆದು, ಒಣಬಟ್ಟೆ ಉಟ್ಟು, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡು ಅವನು ಪೂಜೆಗೆ ಕುಳಿತಾಗ ಸೋರುತ್ತಿದ್ದ ಮಾಡಿನ ಕೆಳಗೆ ನಾಯಕ ಅವನ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದ. ಪೂಜೆ ಮುಗಿಯುವ ತನಕ ಯಾರೂ ಊಟದ ಮಾತೆತ್ತಲಿಲ್ಲ.

ಮರುದಿನದ ಪಂದ್ಯದಲ್ಲಿ ಬೇರೊಂದು ಕಾಲೇಜಿನವರು ಮೂರು ಗೋಲು ಹೊಡೆದು ನಮ್ಮನ್ನು ಊರಿಗೆ ಕಳುಹಿಸಿದರು. ಅದರ ವಿವರ ಯಾರಿಗೂ ಬೇಕಾಗಿರಲಿಲ್ಲ. ಮೊದಲನೆಯ ದಿನದ ಗೆಲವಿನ ಸುದ್ದಿ ಮಾತ್ರ ನಮಗಿಂತ ಮೊದಲೇ ಘಟ್ಟ ಹತ್ತಿತ್ತು.

ಒಂದು ವಾರದೊಳಗೆ ಹುಡುಗನ ತಂದೆ ವಿದ್ಯಾರ್ಥಿ ನಿಲಯಕ್ಕೆ ಬಂದರು. ನಮಸ್ಕರಿಸಿ ಕುಳಿತವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗುರುಗಳೇ, ಲಿಂಗ ಕೆಸರಿಗೆ ಬಿದ್ದಿದ್ದರೆ ಏನು ಗತಿ?" ಎಂದರು. ಅದು ಸಿಟ್ಟಿನ ಮಾತಲ್ಲ, ಭಯದ ಮಾತು. ಲಿಂಗ ಕಳಚಿದರೆ ಪ್ರಾಣವನ್ನೇ ಬಿಡಬೇಕೆಂಬ ಕಠಿಣ ನುಡಿಗಳನ್ನು ಕೇಳುತ್ತ ಬೆಳೆದ ತಲೆಮಾರು ಅದು. ಹಾಗಾದಲ್ಲಿ ಗುರುವಿನ ಬಳಿಗೆ ಹೋಗಿ ಮರಳಿ ಲಿಂಗಧಾರಣೆ ಮಾಡಿಸಿಕೊಳ್ಳುವ ಕ್ರಮ ಮಠಗಳಲ್ಲಿ ನಡೆದು ಬಂದಿದೆಯೆಂದು ಹೇಳಿದೆವು. ಅಲ್ಲದೆ ಕೊರಳ ದಾರದಲ್ಲಿ ತೂಗುವ ಕರಡಿಗೆಗಿಂತ ಮೈಗೆ ಕಟ್ಟಿದ ಅರಿವೆಯಿಂದ ಬೀಳುವ ಸಂಭವವೇ ಕಡಿಮೆಯೆಂದು ಹೇಳಿ, ಹುಡುಗನನ್ನೇ ಕರೆಸಿ ಕಟ್ಟಿ ತೋರಿಸಿದೆವು. ಅವರು ಎದ್ದು ಬಂದು ಕಟ್ಟನ್ನು ಎಳೆದು ನೋಡಿದರು, ಇನ್ನೊಮ್ಮೆ ಎಳೆದು ನೋಡಿದರು. "ನಮ್ಮ ಅವ್ವ ಗದ್ದೆ ನಾಟಿಗೆ ಹೋಗುವಾಗ ಹೀಗೇ ಕಟ್ಟಿಕೊಳ್ಳುತ್ತಿದ್ದಳು" ಎಂದರು. ನಮಗೆ ಗ್ರಂಥದಿಂದ ದೊರೆತದ್ದು ಆ ತಾಯಿಗೆ ಗದ್ದೆಯ ಕೆಸರಿನಲ್ಲಿಯೇ ದೊರೆತಿತ್ತು! ಬೆಳ್ಳಿ ಕೊಳ್ಳಲಾರದ ದುಡಿಯುವ ಮನೆಗಳಲ್ಲಿ ಲಿಂಗ ಎಂದಿನಿಂದಲೂ ಅರಿವೆಯಲ್ಲಿಯೇ ಇದ್ದುದು. ಇಂದು ಮದುವೆಯ ಮಾತುಕತೆಯಲ್ಲಿ ಕರಡಿಗೆ ಎಷ್ಟು ತೊಲದ್ದೆಂದು ಕೇಳುವವರಿದ್ದಾರೆ. ವರ ನಿತ್ಯ ಲಿಂಗಪೂಜೆ ಮಾಡುವನೇ ಎಂದು ಕೇಳುವವರು ವಿರಳ.

ಆಟದ ನಿಯಮದ ಕಡೆಯನ್ನೂ ಓದುಗರು ತಿಳಿದಿರುವುದೊಳ್ಳೆಯದು. ಇನ್ನೊಬ್ಬ ಆಟಗಾರನಿಗೆ ಅಪಾಯಕರವಾದುದನ್ನು ಧರಿಸಕೂಡದೆಂಬುದು 1994ರಲ್ಲಿದ್ದ ನಿಯಮ. 1997ರಲ್ಲಿ ನಿಯಮಗಳನ್ನು ಹೊಸದಾಗಿ ಬರೆದಾಗ, ಧರಿಸಿದವನಿಗೂ ಅಪಾಯವಾಗಬಾರದೆಂಬುದೂ ಯಾವ ಬಗೆಯ ಆಭರಣವೂ ಕೂಡದೆಂಬುದೂ ಸ್ಪಷ್ಟವಾಯಿತು. ಈಗಂತೂ ಆಭರಣದ ಮೇಲೆ ಅಂಟುಪಟ್ಟಿ ಸುತ್ತಿ ಮರೆಮಾಡುವುದನ್ನೂ ಒಪ್ಪುವುದಿಲ್ಲ. ಆದುದರಿಂದ ಬೆಳ್ಳಿಯ ಕರಡಿಗೆಯನ್ನೋ ಗುಂಡಗಡಿಗೆಯನ್ನೋ ಬಟ್ಟೆಯಲ್ಲಿ ಸುತ್ತಿ ಒಳಗೆ ಒಯ್ಯುತ್ತೇವೆಂಬ ಉಪಾಯ ನಡೆಯದು, ನಡೆಯಲೂಬಾರದು. ಇಂಥ ಪ್ರಶ್ನೆ ನಮಗೊಬ್ಬರಿಗೇ ಬಂದುದೂ ಅಲ್ಲ. 2011ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯ ಆಡಲು ಬಂದ ಇರಾನಿನ ಮಹಿಳಾ ತಂಡವನ್ನು ತಲೆವಸ್ತ್ರದ ಕಾರಣದಿಂದ ಆಡಗೊಡಲಿಲ್ಲ. ಆ ಹೆಣ್ಣುಮಕ್ಕಳು ಮೈದಾನದಲ್ಲಿಯೇ ಅತ್ತರು. ಬಳಿಕ ಕುತ್ತಿಗೆಗೆ ಬಿಗಿಯದ, ಸೂಜಿಯಿಲ್ಲದ ವಸ್ತ್ರಗಳನ್ನು ಪ್ರಯೋಗ ಮಾಡಿ ನೋಡಿ, 2014ರ ಮಾರ್ಚಿಯಲ್ಲಿ ನಿಯಮ ರೂಪಿಸುವ ಅಂತಾರಾಷ್ಟ್ರೀಯ ಮಂಡಳಿಯು ತಲೆವಸ್ತ್ರಕ್ಕೂ ಸಿಖ್ಖರ ಪೇಟಕ್ಕೂ ಒಪ್ಪಿಗೆ ಕೊಟ್ಟಿತು. ನಂಬಿಕೆಯನ್ನು ಬಿಡದೆ ಅಪಾಯವನ್ನು ಮಾತ್ರ ಬಿಡುವ ದಾರಿ ಅಲ್ಲಿಯೂ ಹುಡುಕಿದರೆ ಸಿಕ್ಕಿತು.

ನಮ್ಮ ಹುಡುಗ ಮುಂದೆ ದೊಡ್ಡ ಆಟಗಾರನೇನೂ ಆಗಲಿಲ್ಲ. ಪದವಿ ಮುಗಿಸಿ ಶಾಲಾ ಮಾಸ್ತರನಾದ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕದ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿ ಗೆದ್ದ ರಾತ್ರಿ ಅವನೇ ದೂರವಾಣಿ ಮಾಡಿ ಸುದ್ದಿ ತಿಳಿಸಿದ. ತನ್ನ ಶಾಲೆಯ ತಂಡದಲ್ಲಿ ಈಗ ದೀಕ್ಷೆಯಾದ ಇಬ್ಬರು ಮಕ್ಕಳಿದ್ದಾರೆಂದೂ, ಕಟ್ಟುವ ಅರಿವೆಯನ್ನು ಅವರ ತಾಯಂದಿರೇ ಹೊಲಿದು ಕಳುಹಿಸುತ್ತಾರೆಂದೂ ಹೇಳಿದ.

ಕೇಳುವ ತಾಯಂದಿರಿಗಾಗಿ ಆ ಕ್ರಮವನ್ನು ಇಲ್ಲಿ ಬರೆಯುತ್ತೇವೆ. ಮೆತ್ತನೆಯ ಬಿಳಿಯ ಹತ್ತಿಬಟ್ಟೆಯನ್ನು ಮಗುವಿನ ಎದೆಯ ಸುತ್ತಳತೆಗಿಂತ ಒಂದು ಗೇಣು ಹೆಚ್ಚು ಉದ್ದಕ್ಕೆ, ನಾಲ್ಕು ಬೆರಳು ಅಗಲಕ್ಕೆ ಎರಡು ಪದರ ಮಾಡಿ ಹೊಲಿಯಬೇಕು. ಎಡಗಂಕುಳಿನ ಕೆಳಗೆ ಬರುವ ಜಾಗದಲ್ಲಿ ಒಳಮಗ್ಗುಲಿಗೆ ಚಿಕ್ಕ ಚೀಲವಿರಲಿ, ಅದರ ಹೊರಮಗ್ಗುಲಿಗೆ ನಾಲ್ಕೈದು ಪದರ ಬಟ್ಟೆಯಿರಲಿ. ಗುಂಡಿ, ಸೂಜಿಗಳು ಬೇಡ, ಕಟ್ಟಲು ಲಾಡಿ ಸಾಕು. ಲಿಂಗವನ್ನು ಮಗುವೇ ತೆಗೆದು, ಮಗುವೇ ಚೀಲದಲ್ಲಿ ಇಡಬೇಕು. ಪಂದ್ಯಕ್ಕೆ ಮೊದಲು ಅಧ್ಯಾಪಕರಿಗೂ ರೆಫರಿಗಳಿಗೂ ತಾನೇ ಹೇಳಿ ತೋರಿಸಬೇಕು. ಅವರು ಆ ದಿನ ಬೇಡವೆಂದರೆ ಅಂದು ಆಡದಿರುವುದು ಲೇಸು. ಎಂ.ಆರ್.ಐ. ಪರೀಕ್ಷೆಗೆ ಹೋದಾಗ ಲೋಹವನ್ನೆಲ್ಲ ತೆಗೆದಿಡಲು ಹೇಳುತ್ತಾರೆ. ಅಲ್ಲಿಯೂ ಅರಿವೆಯಲ್ಲಿ ಧರಿಸಲು ಬಿಡುವರೇ ಎಂದು ವೈದ್ಯರನ್ನು ಮುಂಚಿತವಾಗಿ ಕೇಳಬಹುದು. ಬೆವರು ಹೀರಿದ ಅರಿವೆಯನ್ನು ಆಡಿದ ದಿನವೇ ಒಗೆದು ಒಣಗಿಸಬೇಕು. ಕೊಡಗಿನ ಮಳೆಗಾಲದಲ್ಲಿ ಒಂದು ಬಟ್ಟೆ ಒಣಗಲು ಮೂರು ದಿನ ಬೇಕಾದುದರಿಂದ ಅಲ್ಲಿನ ತಾಯಂದಿರು ನಾಲ್ಕಾದರೂ ಹೊಲಿದಿಟ್ಟುಕೊಳ್ಳಬೇಕು.